‘ತಪ್ಪು’ ಎಂದು ಬರೆದು ನೋಡಿ: ಪುಸ್ತಕಕ್ಕೆ ಕನ್ನಡ ಫಾಂಟ್ ಆರಿಸುವಾಗ ಏನನ್ನು ಪರೀಕ್ಷಿಸಬೇಕು?

ಬಳಗದ ಸಂಪಾದಕ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಓದುಗರ ಬಳಗದಿಂದ ಎರಡು ವರ್ಷಗಳ ಹಿಂದೆ ಒಂದು ಲೇಖನ ಸಂಗ್ರಹವನ್ನು ಪ್ರಕಟಿಸಿದ್ದೆವು. ಪರದೆಯ ಮೇಲೆ ಮೂರು ಬಾರಿ ಕರಡು ತಿದ್ದಿ, ಎಲ್ಲವೂ ಸರಿಯಾಗಿದೆಯೆಂದು ಅಚ್ಚಿಗೆ ಕಳುಹಿಸಿದ ಮೇಲೆ ಕೈಗೆ ಬಂದ ಪ್ರತಿಯಲ್ಲಿ ‘ಪಾಠ’ ಎಂಬ ಪದ ಹಲವು ಕಡೆ ‘ಪಾರ’ ಎಂದು ಓದಿಸಿಕೊಳ್ಳುತ್ತಿತ್ತು. ಠಕಾರದ ಹೊಟ್ಟೆಯೊಳಗಿನ ಚುಕ್ಕಿ ಎಷ್ಟು ಸಣ್ಣದಿತ್ತೆಂದರೆ ಅದು ಕಾಗದಕ್ಕೆ ಇಳಿಯಲೇ ಇಲ್ಲ. ‘ಸ್ಥೈರ್ಯ’ದಂಥ ಪದ ಬಂದಲ್ಲೆಲ್ಲ ಒತ್ತಕ್ಷರವು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕುಳಿತಿತ್ತು. ಬಳಗದ ಹಿರಿಯರೊಬ್ಬರು ಇಡೀ ಪುಸ್ತಕವನ್ನು ಓದಿ, ಲೇಖನಗಳ ಬಗ್ಗೆ ಒಂದು ಮಾತೂ ಆಡದೆ, ಕಣ್ಣು ನೋಯುತ್ತದೆ ಎಂದಷ್ಟೇ ಹೇಳಿದರು.

ಈಗ ಎರಡನೆಯ ಪುಸ್ತಕ ಸಿದ್ಧವಾಗುತ್ತಿದೆ. ಸುಮಾರು 240 ಪುಟಗಳಾಗಬಹುದು. ಅದರಲ್ಲಿ ಎರಡು ಲೇಖನಗಳು ಹಳಗನ್ನಡ ಕಾವ್ಯದ ಕುರಿತಾದವು. ಯಾವ ಫಾಂಟ್ ಚೆಂದ ಎಂದು ನಾನು ಕೇಳುತ್ತಿಲ್ಲ. ಅದಕ್ಕೆ ಹತ್ತು ಜನ ಹತ್ತು ಹೆಸರು ಹೇಳುತ್ತೀರಿ. ವಿನ್ಯಾಸದ ತರಬೇತಿಯಿಲ್ಲದ ನನ್ನಂಥವನು ಒಂದು ಕನ್ನಡ ಫಾಂಟನ್ನು ಮುಂದಿಟ್ಟುಕೊಂಡು, ಇದು ಪುಸ್ತಕಕ್ಕೆ ಆಗುತ್ತದೆ ಅಥವಾ ಆಗುವುದಿಲ್ಲ ಎಂದು ತೀರ್ಮಾನಿಸುವುದು ಹೇಗೆ ಎಂಬುದು ನನ್ನ ಪ್ರಶ್ನೆ.

ಪುಟವಿನ್ಯಾಸಕಿ

ಮೊದಲು ಮಾಡಬೇಕಾದ ಕೆಲಸವೆಂದರೆ ವರ್ಣಮಾಲೆಯನ್ನು ನೋಡುವುದನ್ನು ನಿಲ್ಲಿಸುವುದು. ಫಾಂಟ್ ಹಂಚುವ ತಾಣಗಳಲ್ಲಿ ‘ಅ ಆ ಇ ಈ’ ಎಂದು ದೊಡ್ಡ ಗಾತ್ರದಲ್ಲಿ ತೋರಿಸುತ್ತಾರೆ. ಅದನ್ನು ನೋಡಿ ಫಾಂಟ್ ಆರಿಸುವುದೆಂದರೆ ಮದುವೆಮನೆಯ ಚಪ್ಪರ ನೋಡಿ ಅಡುಗೆಯ ರುಚಿ ಹೇಳಿದಂತೆ. ಕನ್ನಡದ ಪುಟವೊಂದರಲ್ಲಿ ಬಿಡಿ ಸ್ವರಗಳು ಕಾಣುವುದೇ ಅಪರೂಪ. ಕಣ್ಣಿಗೆ ಬೀಳುವುದು ಬಹುಪಾಲು ಕಾಗುಣಿತ ಮತ್ತು ಒತ್ತಕ್ಷರ. ಫಾಂಟ್ ಗೆಲ್ಲುವುದೂ ಸೋಲುವುದೂ ಈ ಜೋಡಣೆಯಲ್ಲಿ.

ನಾನು ಯಾವುದೇ ಹೊಸ ಫಾಂಟ್ ಕೈಗೆ ಬಂದರೆ ಮೊದಲು ಬರೆಯುವ ಪದ ‘ತಪ್ಪು’. ಪಕಾರಕ್ಕೆ ಕೊಂಬು ಬಂದಾಗ ಅದು ಕಕಾರದ ಕೊಂಬಿನಂತೆ ಬಲಕ್ಕೆ ಮೇಲೆ ನಿಲ್ಲದೆ ಕೆಳಗಿನಿಂದ ಸುತ್ತಿಕೊಳ್ಳುತ್ತದೆ. ಅದೇ ಜಾಗಕ್ಕೆ ಒತ್ತು ಪಕಾರವೂ ಬಂದು ಕುಳಿತುಕೊಳ್ಳಬೇಕು. ಎರಡಕ್ಕೂ ಜಾಗ ಮಾಡಿಕೊಡುವುದನ್ನು ವಿನ್ಯಾಸಕರು ಯೋಚಿಸಿದ್ದರೆ ಪದ ಸರಾಗವಾಗಿ ಕಾಣುತ್ತದೆ. ಯೋಚಿಸದಿದ್ದರೆ ಕೊಂಬಿನ ಬಾಲವೂ ಒತ್ತೂ ಒಂದರ ಮೇಲೊಂದು ಬಿದ್ದು ಕಪ್ಪು ಗಂಟಾಗುತ್ತದೆ. ‘ಉಪ್ಪು, ಕಪ್ಪು, ಒಪ್ಪು, ಸೊಪ್ಪು’ ಎಂದು ನಮ್ಮ ಭಾಷೆಯಲ್ಲಿ ಇಂಥ ಪದಗಳಿಗೆ ಬರವಿಲ್ಲದ ಕಾರಣ ಇದು ಚಿಕ್ಕ ದೋಷವಲ್ಲ.

ಎರಡನೆಯದು ಐತ್ವ. ಐತ್ವದ ಸುಳಿಯೂ ಅಕ್ಷರದ ಕೆಳಗೇ ಬರುತ್ತದೆ, ಒತ್ತೂ ಕೆಳಗೇ ಬರುತ್ತದೆ. ‘ತ್ರೈಮಾಸಿಕ’ ಎಂದು ಬರೆದು ರಕಾರದ ಒತ್ತೂ ಐತ್ವವೂ ಹೇಗೆ ಹೊಂದಿಕೊಂಡಿವೆ ಎಂದು ನೋಡಿ. ನೀವು ಹೇಳಿದ ‘ಸ್ಥೈರ್ಯ’ ಇನ್ನೂ ಕಠಿಣವಾದ ಪರೀಕ್ಷೆ, ಏಕೆಂದರೆ ಒತ್ತು, ಐತ್ವ, ಅರ್ಕಾವತ್ತು ಮೂರೂ ಎರಡೇ ಅಕ್ಷರಗಳೊಳಗೆ ಬರುತ್ತವೆ. ‘ಸಂಸ್ಕೃತಿ’ಯಲ್ಲಿ ಒತ್ತು ಕಕಾರಕ್ಕೂ ವಟ್ರಸುಳಿಗೂ ಇದೇ ಜಗಳ. ‘ಸ್ತ್ರೀ’ ಎಂಬಲ್ಲಿ ಎರಡು ಒತ್ತುಗಳಾದ ಮೇಲೆ ದೀರ್ಘ ಬರಬೇಕು. ಆ ದೀರ್ಘವು ಸಕಾರದಿಂದ ಮಾರು ದೂರ ನಿಂತು, ಮುಂದಿನ ಪದದ ಆರಂಭದಂತೆ ಕಾಣುವ ಫಾಂಟ್‌ಗಳನ್ನು ನಾನು ನೋಡಿದ್ದೇನೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’, ‘ಲಕ್ಷ್ಮಿ’, ‘ಜ್ಯೋತ್ಸ್ನೆ’ ಇವನ್ನೂ ಸೇರಿಸಿಕೊಳ್ಳಿ.

ಮೂರನೆಯದು ಅಂತರ, ಮತ್ತು ನನ್ನ ಅನುಭವದಲ್ಲಿ ಹೆಚ್ಚಿನ ಫಾಂಟ್‌ಗಳು ಎಡವುವುದು ಇಲ್ಲೇ. ‘ಅಕ್ಕಪಕ್ಕ’, ‘ಬಿಟ್ಟುಕೊಟ್ಟ’ ಎಂದು ಬರೆದು ನೋಡಿ. ಒತ್ತು ಬಲಕ್ಕೆ ಚಾಚಿಕೊಂಡಷ್ಟೂ ಮುಂದಿನ ಅಕ್ಷರವನ್ನು ದೂರ ತಳ್ಳಿದರೆ ಪದದ ನಡುವೆ ಹಲ್ಲು ಬಿದ್ದಂತೆ ಖಾಲಿ ಜಾಗಗಳು ಕಾಣುತ್ತವೆ. ತಳ್ಳದೆಯೇ ಬಿಟ್ಟರೆ ಮುಂದಿನ ಅಕ್ಷರದ ಒತ್ತಿಗೆ ತಾಗುತ್ತದೆ. ಒಳ್ಳೆಯ ಫಾಂಟ್‌ನಲ್ಲಿ ಮುಂದಿನ ಅಕ್ಷರಕ್ಕೆ ಒತ್ತಿಲ್ಲದಿದ್ದರೆ ಅದು ಹಿಂದಿನ ಒತ್ತಿನ ಮೇಲೆ ಸ್ವಲ್ಪ ಸರಿದು ಕೂರುತ್ತದೆ, ಒತ್ತಿದ್ದರೆ ದೂರ ನಿಲ್ಲುತ್ತದೆ. ಇದನ್ನು ವಿನ್ಯಾಸಕರು ಜೋಡಿ ಜೋಡಿಯಾಗಿ ಕುಳಿತು ಹೇಳಿಕೊಟ್ಟಿರಬೇಕು, ತಾನಾಗಿ ಆಗುವುದಿಲ್ಲ.

ನಾಮಫಲಕ ಬರೆಯುವವ

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಪೂರ್ತಿ ಒಪ್ಪುವುದಿಲ್ಲ. ಜೋಡಣೆ ಸರಿಯಿದ್ದೂ ಅಕ್ಷರದ ರೂಪವೇ ಕೆಟ್ಟಿದ್ದರೆ ಏನು ಮಾಡುವುದು? ನಾನು ಇಪ್ಪತ್ತೆಂಟು ವರ್ಷ ಕುಂಚದಲ್ಲಿ ಅಂಗಡಿಗಳ ಫಲಕ ಬರೆದವನು. ನನ್ನ ಕಣ್ಣು ಮೊದಲು ಹೋಗುವುದು ‘ವು’ ಮತ್ತು ‘ಮ’ ಕಡೆಗೆ. ವಕಾರಕ್ಕೆ ಕೊಂಬನ್ನು ಕಕಾರಕ್ಕೆ ಹಾಕಿದಂತೆ ಮೇಲೇ ಹಾಕಿದರೆ ಅದು ಮಕಾರವಾಗಿಬಿಡುತ್ತದೆ. ಅದಕ್ಕಾಗಿಯೇ ಹಿರಿಯರು ‘ವು’ವಿನ ಕೊಂಬನ್ನು ಕೆಳಗಿಳಿಸಿದ್ದಾರೆ. ಈ ಕೊಂಬು ಸಾಕಷ್ಟು ಕೆಳಗಿಳಿಯದೆ ಮಧ್ಯದಲ್ಲೇ ನಿಂತ ಫಾಂಟ್‌ನಲ್ಲಿ ‘ನಾವು’ ಎಂಬುದು ‘ನಾಮ’ ಎಂದು ಓದಿಸಿಕೊಳ್ಳುತ್ತದೆ.

ಹಾಗೆಯೇ ಪ, ಷ, ಫ, ದ, ಧ, ಥ, ರ, ಠ, ಬ, ಭ. ಇವುಗಳ ನಡುವಿನ ವ್ಯತ್ಯಾಸವೆಲ್ಲ ಒಂದು ಚುಕ್ಕಿ, ಒಂದು ಪುಟ್ಟ ಗೆರೆ ಅಥವಾ ಒಂದು ಸೀಳು. ಕುಂಚದಲ್ಲಿ ಬರೆಯುವಾಗ ಥಕಾರದ ಚುಕ್ಕಿಗೆ ಜಾಗ ಬೇಕೆಂದು ಹೊಟ್ಟೆಯನ್ನು ಕೊಂಚ ಅಗಲ ಮಾಡುತ್ತೇವೆ. ಕಂಪ್ಯೂಟರ್‌ನಲ್ಲಿ ದಕಾರವನ್ನು ನಕಲು ಮಾಡಿ ಅದರೊಳಗೆ ಚುಕ್ಕಿ ತುರುಕುವವರು ಇದನ್ನು ಮಾಡುವುದಿಲ್ಲ. ಸಂಪಾದಕರ ‘ಪಾಠ’ ‘ಪಾರ’ವಾದದ್ದು ಹೀಗೆಯೇ ಇರಬೇಕು.

ಇನ್ನೊಂದು ಮಾತು. ಕನ್ನಡ ಮತ್ತು ತೆಲುಗು ಒಂದೇ ಮೂಲದಿಂದ ಕವಲೊಡೆದ ಲಿಪಿಗಳಾದರೂ ತಲೆಕಟ್ಟು ಬೇರೆ. ತೆಲುಗಿನ ತಲೆಕಟ್ಟು ಮೇಷ್ಟರು ಹಾಕುವ ಸರಿ ಗುರುತಿನಂತೆ ಮೇಲಕ್ಕೆ ಚಿಮ್ಮುತ್ತದೆ. ನಮ್ಮದು ಅಡ್ಡಲಾಗಿ ಹಾಸಿಕೊಂಡು ಬಲತುದಿಯಲ್ಲಿ ಬಾಗುತ್ತದೆ. ಒಂದರಿಂದ ಇನ್ನೊಂದನ್ನು ಅವಸರದಲ್ಲಿ ಇಳಿಸಿಕೊಂಡ ಫಾಂಟ್‌ಗಳಲ್ಲಿ ತಲೆಕಟ್ಟು ತುಂಡಾಗಿ, ಅಕ್ಷರಗಳು ಅತಿ ಗುಂಡಗಾಗಿ, ಸಾಲು ನೋಡಿದರೆ ಗೋಲಿ ಹರಡಿದಂತಿರುತ್ತದೆ. ಕನ್ನಡದ ಸಾಲಿಗೆ ತಲೆಕಟ್ಟೇ ದಾರ.

ಪುಟವಿನ್ಯಾಸಕಿ

ತಲೆಕಟ್ಟಿನ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಅದು ಎಲ್ಲ ಅಕ್ಷರಗಳಲ್ಲೂ ಒಂದೇ ಎತ್ತರದಲ್ಲಿ, ಒಂದೇ ದಪ್ಪದಲ್ಲಿ ಇದೆಯೇ ಎಂದು ನೋಡುವುದಕ್ಕೆ ಪುಟವನ್ನು ತಲೆಕೆಳಗಾಗಿ ಹಿಡಿದರೆ ಸಾಕು. ಓದುವುದು ನಿಲ್ಲುತ್ತದೆ, ಗೆರೆ ಮಾತ್ರ ಕಾಣುತ್ತದೆ.

ಡಿಟಿಪಿ ಮೇಸ್ತ್ರಿ

ನಾನು ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶದ ಕಾಲದಿಂದ ಪುಸ್ತಕ ಕಟ್ಟುತ್ತಿರುವವನು, ಇಂದಿಗೂ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲೇ ಕಣ್ಣುಮುಚ್ಚಿ ಟೈಪ್ ಮಾಡುತ್ತೇನೆ. ಅಪ್ರಿಯವಾದರೂ ಹೇಳುತ್ತೇನೆ: ಯೂನಿಕೋಡ್‌ಗಿಂತ (ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರ್‌ಗಳಲ್ಲೂ ಒಂದೇ ಸಂಕೇತ ಕೊಡುವ ವ್ಯವಸ್ಥೆ) ಮುಂಚಿನ ಫಾಂಟ್‌ಗಳೇ ಪುಸ್ತಕಕ್ಕೆ ಚೆನ್ನಾಗಿದ್ದವು. ನುಡಿ, ಬರಹ ಮುಂತಾದವುಗಳಲ್ಲಿ ಒತ್ತಕ್ಷರ ಎಲ್ಲಿಗೆ ಬರಬೇಕೆಂದು ನಮಗೆ ಗೊತ್ತಿತ್ತು, ಬೇಕೆಂದರೆ ಕೈಯಿಂದಲೇ ಸರಿಸುತ್ತಿದ್ದೆವು. ಈಗ ಯೂನಿಕೋಡ್ ಫಾಂಟ್ ಹಾಕಿದರೆ ಒಂದು ತಂತ್ರಾಂಶದಲ್ಲಿ ಸರಿ ಬಂದದ್ದು ಇನ್ನೊಂದರಲ್ಲಿ ಚೂರುಚೂರಾಗುತ್ತದೆ. ಗುಣಮಟ್ಟ ಹೆಚ್ಚಿತು ಎಂದು ಹೇಗೆ ಹೇಳುವುದು?

ಕೋಡು ಬರೆಯುವವ

ಮೇಸ್ತ್ರಿಗಳ ಅನುಭವದ ಮೇಲೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಇಲ್ಲಿ ಎರಡು ಬೇರೆ ಸಂಗತಿಗಳು ಬೆರೆತುಹೋಗಿವೆ.

ಹಳೆಯ ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಲಾಗುತ್ತಿತ್ತು. ಇದ್ದದ್ದೇ 256ಕ್ಕಿಂತ ಕಡಿಮೆ ಸ್ಥಾನಗಳು. ಅಷ್ಟರಲ್ಲಿ ಇಡೀ ಕಾಗುಣಿತವನ್ನೂ ಒತ್ತುಗಳನ್ನೂ ಹಿಡಿಸಬೇಕಾದ್ದರಿಂದ ಅಕ್ಷರಗಳನ್ನು ತುಂಡು ಮಾಡಿ, ಆ ತುಂಡುಗಳನ್ನೇ ಎಲ್ಲ ಕಡೆ ಬಳಸುತ್ತಿದ್ದರು. ಅಗಲವಾದ ಝಕಾರಕ್ಕೂ ಕಿರಿದಾದ ರಕಾರಕ್ಕೂ ಒಂದೇ ಒತ್ತು, ಒಂದೇ ದೂರ. ಅದು ಚೆನ್ನಾಗಿ ಕಂಡಿದ್ದರೆ ಅಕ್ಷರ ಬಿಡಿಸಿದವರ ಕೈಚಳಕವೂ ನಿಮ್ಮಂಥವರು ಕೈಯಿಂದ ಸರಿಸಿದ ಶ್ರಮವೂ ಕಾರಣ. ಆ ವ್ಯವಸ್ಥೆ ಕಾರಣವಲ್ಲ. ಓಪನ್‌ಟೈಪ್ ಎಂಬ ಇಂದಿನ ಮಾದರಿಯ ಫಾಂಟ್ ಒಂದರಲ್ಲಿ 65,535 ಆಕಾರಗಳವರೆಗೆ ಇಡಬಹುದು. ಪ್ರತಿ ಜೋಡಣೆಗೂ ಬೇರೆಯದೇ ಚಿತ್ರ ಬಿಡಿಸುವ ಸ್ವಾತಂತ್ರ್ಯ ವಿನ್ಯಾಸಕರಿಗೆ ಈಗ ಇದೆ. ಅದನ್ನು ಎಷ್ಟು ಜನ ಬಳಸಿಕೊಂಡಿದ್ದಾರೆ ಎಂಬುದೇ ಗುಣಮಟ್ಟದ ಪ್ರಶ್ನೆ.

ಇನ್ನು ‘ಚೂರುಚೂರಾಗುವುದು’. ಯೂನಿಕೋಡ್‌ನಲ್ಲಿ ‘ಸೂರ್ಯ’ ಎಂದು ಬರೆದಾಗ ಕಡತದಲ್ಲಿ ರಕಾರ ಮೊದಲು, ಯಕಾರ ಆಮೇಲೆ ಇರುತ್ತದೆ. ಕಾಣುವಾಗ ಯಕಾರ ಮೊದಲು, ಅರ್ಕಾವತ್ತು ಆಮೇಲೆ. ಈ ಅದಲುಬದಲು ಮಾಡುವುದು ಫಾಂಟ್ ಒಂದೇ ಅಲ್ಲ. ಅಕ್ಷರ ಜೋಡಿಸುವ ಒಂದು ಎಂಜಿನ್ ತಂತ್ರಾಂಶದೊಳಗೆ ಕುಳಿತು, ಫಾಂಟ್‌ನಲ್ಲಿ ಬರೆದಿಟ್ಟ ನಿಯಮಗಳನ್ನು ಓದಿ ಮಾಡುತ್ತದೆ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಇವುಗಳಲ್ಲಿ ಹಾರ್ಫ್‌ಬಝ್ ಎಂಬ ಎಂಜಿನ್ ಇದೆ. ವಿಂಡೋಸ್‌ಗೆ ತನ್ನದೇ ಇದೆ, ಆಪಲ್‌ಗೆ ತನ್ನದೇ ಇದೆ. ಪುಟ ಕಟ್ಟುವ ಇನ್‌ಡಿಸೈನ್‌ ತಂತ್ರಾಂಶದಲ್ಲಿ ‘ವರ್ಲ್ಡ್-ರೆಡಿ’ ಎಂಬ ಕಂಪೋಸರ್ (ಸಾಲು ಜೋಡಿಸುವ ವ್ಯವಸ್ಥೆ) ಆಯ್ಕೆ ಮಾಡಿಕೊಳ್ಳದಿದ್ದರೆ ಅತ್ಯುತ್ತಮ ಫಾಂಟೂ ಒಡೆದೇ ಕಾಣುತ್ತದೆ. ಆದ್ದರಿಂದ ಒಡೆದ ಅಕ್ಷರ ಕಂಡ ಕೂಡಲೇ ಫಾಂಟನ್ನು ಬೈಯಬಾರದು. ಅದೇ ಪದವನ್ನು ಬ್ರೌಸರ್‌ನಲ್ಲಿ ಅದೇ ಫಾಂಟ್‌ನಲ್ಲಿ ತೆರೆದು ನೋಡಿ. ಅಲ್ಲಿ ಸರಿಯಿದ್ದರೆ ದೋಷ ಬಹುಮಟ್ಟಿಗೆ ನಿಮ್ಮ ಪುಟವಿನ್ಯಾಸದ ತಂತ್ರಾಂಶದ್ದು. ಎಲ್ಲ ಕಡೆಯೂ ಒಂದೇ ರೀತಿ ಕೆಟ್ಟರೆ ಫಾಂಟ್‌ನದ್ದು.

ಫಾಂಟ್‌ನ ಒಳನಿಯಮಗಳನ್ನು ಪರೀಕ್ಷಿಸಲು ನನಗೆ ಪ್ರಿಯವಾದ ಪದ ‘ರ‍್ಯಾಂಕ್’. ಸುಮ್ಮನೆ ರಕಾರ, ಅರ್ಧಾಕ್ಷರದ ಗುರುತು, ಯಾ ಎಂದು ಬರೆದರೆ ‘ರ್ಯಾಂಕ್’ ಎಂದು ಅರ್ಕಾವತ್ತು ಬರುತ್ತದೆ. ಪತ್ರಿಕೆಗಳ ಜಾಲತಾಣಗಳಲ್ಲಿ ಇದು ದಿನವೂ ಕಾಣುತ್ತದೆ. ರಕಾರವನ್ನು ಪೂರ್ಣವಾಗಿ ಉಳಿಸಿ ಯಕಾರವನ್ನು ಒತ್ತಾಗಿಸಬೇಕಾದರೆ ರಕಾರದ ನಂತರ, ಅರ್ಧಾಕ್ಷರದ ಗುರುತಿಗಿಂತ ಮುಂಚೆ, ಕಣ್ಣಿಗೆ ಕಾಣದ ಜೋಡಕ ಅಕ್ಷರವೊಂದನ್ನು ಸೇರಿಸಬೇಕೆಂದು ಯೂನಿಕೋಡ್ ಹೇಳುತ್ತದೆ. ನಿಯಮ ಅಳವಡಿಸಿಕೊಂಡ ಫಾಂಟ್ ಅದನ್ನು ಸರಿಯಾಗಿ ತೋರಿಸುತ್ತದೆ. ಉಳಿದವುಗಳಲ್ಲಿ ಚುಕ್ಕಿಗಳ ವೃತ್ತವೋ ಖಾಲಿ ಚೌಕವೋ ಎದ್ದು ನಿಲ್ಲುತ್ತದೆ. ‘ಸಾಫ್ಟ್‌ವೇರ್’, ‘ರಾಜ್‌ಕುಮಾರ್’ ಎಂಬಲ್ಲಿ ಒತ್ತಾಗದಂತೆ ತಡೆಯುವ ಇನ್ನೊಂದು ಅದೃಶ್ಯ ಅಕ್ಷರವೂ ಇದೆ. ಅದಕ್ಕೂ ಇದೇ ಪರೀಕ್ಷೆ.

ಡಿಟಿಪಿ ಮೇಸ್ತ್ರಿ

ಕಂಪೋಸರ್ ಬದಲಿಸಿ ನೋಡಿದೆ. ಚೂರಾಗಿದ್ದ ಪುಟ ಕೂಡಿಕೊಂಡಿತು. ಇಷ್ಟು ವರ್ಷ ಫಾಂಟ್‌ಗಳಿಗೆ ಹಾಕಿದ ಶಾಪವನ್ನು ಹಿಂದಕ್ಕೆ ಪಡೆಯುತ್ತೇನೆ, ಅರ್ಧ ಮಾತ್ರ. ಅಕ್ಷರದ ಚೆಲುವಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ.

ಹಳಗನ್ನಡದ ಪಾಠ ಹೇಳುವವರು

ಸಂಪಾದಕರು ಹಳಗನ್ನಡದ ಲೇಖನಗಳಿವೆ ಎಂದಿದ್ದಾರೆ, ಆದ್ದರಿಂದ ಇದನ್ನು ಹೇಳಲೇಬೇಕು. ಹಳಗನ್ನಡದಲ್ಲಿದ್ದು ಈಗ ಬಳಕೆ ತಪ್ಪಿರುವ ಱ ಮತ್ತು ೞ ಎರಡೂ ನೀವು ಆರಿಸುವ ಫಾಂಟ್‌ನಲ್ಲಿ ಇವೆಯೇ ಎಂದು ಮೊದಲ ದಿನವೇ ನೋಡಿಕೊಳ್ಳಿ. ಇವು ಯೂನಿಕೋಡ್‌ನಲ್ಲಿವೆ. ಱ ಸರಿಯಾದ ಹೆಸರಿನಲ್ಲೇ ಇದೆ. ೞಕಾರದ ಹಣೆಬರಹ ಮಾತ್ರ ವಿಚಿತ್ರ. ಅದಕ್ಕೆ ಯೂನಿಕೋಡ್‌ನ ಪಟ್ಟಿಯಲ್ಲಿ ‘ಫ’ ಎಂಬ ಅರ್ಥ ಕೊಡುವ ಇಂಗ್ಲಿಷ್ ಹೆಸರು ತಪ್ಪಾಗಿ ಬಿದ್ದಿತು, ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬ ನಿಯಮವಿರುವುದರಿಂದ ಇಂದಿಗೂ ಹಾಗೇ ಇದೆ, ಪಕ್ಕದಲ್ಲಿ ತಿದ್ದುಪಡಿಯ ಹೆಸರೊಂದನ್ನು ಸೇರಿಸಿದ್ದಾರೆ ಅಷ್ಟೆ. ಈ ಹೆಸರನ್ನು ನಂಬಿ, ಆ ಸ್ಥಾನದಲ್ಲಿ ಯಾವ ಆಕಾರ ಬಿಡಿಸಬೇಕೆಂದು ತಿಳಿಯದೆ ಹೋದರೆ ಏನಾಗುತ್ತದೆಂದು ನೀವೇ ಊಹಿಸಿಕೊಳ್ಳಿ.

ಅಕ್ಷರ ಇದ್ದ ಮಾತ್ರಕ್ಕೂ ಸಾಲದು. ‘ಅಱಿವು’, ‘ಇೞಿ’, ‘ಪೊೞ್ತು’, ‘ನೆಗೞ್ದ’ ಎಂದು ಬರೆದು ನೋಡಿ. ೞಕಾರಕ್ಕೆ ಗುಡಿಸು ಹಚ್ಚಿದಾಗ ಅದು ಅಕ್ಷರದೊಂದಿಗೆ ಬೆಸೆದಿದೆಯೋ ಪಕ್ಕದಲ್ಲಿ ಬಾಡಿಗೆಗೆ ನಿಂತಿದೆಯೋ ಎಂದು ಗಮನಿಸಿ. ಪರದೆಯ ಮೇಲೆ ಇನ್ನೊಂದು ಮೋಸವಿದೆ: ಫಾಂಟ್‌ನಲ್ಲಿ ಇಲ್ಲದ ಅಕ್ಷರವನ್ನು ತಂತ್ರಾಂಶವು ಬೇರೆ ಫಾಂಟ್‌ನಿಂದ ಸಾಲ ತಂದು ಹಾಕುತ್ತದೆ. ಎಲ್ಲ ಅಕ್ಷರಗಳೂ ಇವೆಯೆಂದು ನಾವು ನೆಮ್ಮದಿಯಾಗಿರುತ್ತೇವೆ, ಹತ್ತಿರದಿಂದ ನೋಡಿದರೆ ಒಂದು ಅಕ್ಷರ ಮಾತ್ರ ತೆಳ್ಳಗೆ, ಅರ್ಧ ಗೆರೆ ಮೇಲೆ ನಿಂತಿರುತ್ತದೆ. ಅವಗ್ರಹದ ಗುರುತನ್ನೂ (ಽ) ಪರೀಕ್ಷಿಸಿ; ಪದ್ಯ ಉದ್ಧರಿಸುವಾಗ ಬೇಕಾಗುತ್ತದೆ.

ಕರಾವಳಿಯ ಓದುಗ

ಕನ್ನಡ ಲಿಪಿಯಲ್ಲಿ ಕನ್ನಡವನ್ನು ಮಾತ್ರ ಬರೆಯುವುದಿಲ್ಲ ಎಂಬುದನ್ನು ನೆನಪಿಸುತ್ತೇನೆ. ನಮ್ಮಲ್ಲಿ ತುಳು, ಕೊಂಕಣಿ, ಬ್ಯಾರಿ ಪುಸ್ತಕಗಳೂ ಇದೇ ಅಕ್ಷರಗಳಲ್ಲಿ ಅಚ್ಚಾಗುತ್ತವೆ. ಕೊಂಕಣಿಯ ಅಗತ್ಯಕ್ಕೆಂದು ಅಕ್ಷರದ ಬಲಮೇಲ್ತುದಿಯಲ್ಲಿ ಕೂರುವ ಅನುಸ್ವಾರವೊಂದು 2022ರಲ್ಲಿ ಯೂನಿಕೋಡ್‌ಗೆ ಸೇರಿದೆ. ಅದು ನಿಮ್ಮ ಪುಸ್ತಕಕ್ಕೆ ಬೇಡದಿರಬಹುದು, ಆದರೆ ಫಾಂಟ್ ತಯಾರಿಸಿದವರು ಹೊಸ ಸೇರ್ಪಡೆಗಳ ಕಡೆ ಕಣ್ಣಿಟ್ಟಿದ್ದಾರೆಯೇ, ಅಥವಾ ಒಮ್ಮೆ ಮಾಡಿ ಕೈಬಿಟ್ಟಿದ್ದಾರೆಯೇ ಎಂದು ತಿಳಿಯಲು ಒಳ್ಳೆಯ ಸೂಚನೆ.

ಅಂಕಿಗಳನ್ನೂ ನೋಡಿ. ೬ ಮತ್ತು ೭ ಬೇರೆ ಬೇರೆಯಾಗಿ ಕಾಣದ ಫಾಂಟ್‌ನಲ್ಲಿ ಕನ್ನಡ ಅಂಕಿಗಳ ಪುಟಸಂಖ್ಯೆ ಹಾಕಿದರೆ ಪರಿವಿಡಿಯೇ ಸುಳ್ಳಾಗುತ್ತದೆ. ಸೊನ್ನೆಯ ಕಥೆ ಇನ್ನೂ ಇದೆ: ಅನುಸ್ವಾರದ ಸೊನ್ನೆಯೂ ಅಂಕಿಯ ಸೊನ್ನೆಯೂ ನೋಡಲು ಒಂದೇ ತರಹ ಇರುವುದರಿಂದ ‘ಸಂತೆ’ ಎಂಬಲ್ಲಿ ಅಂಕಿಯ ಸೊನ್ನೆಯನ್ನು ಟೈಪ್ ಮಾಡುವವರಿದ್ದಾರೆ. ಎರಡರ ಗಾತ್ರದಲ್ಲಿ ಒಂದಿಷ್ಟು ವ್ಯತ್ಯಾಸವಿಟ್ಟ ಫಾಂಟ್‌ನಲ್ಲಿ ಕರಡು ತಿದ್ದುವವರಿಗೆ ಈ ತಪ್ಪು ಕೂಡಲೇ ಸಿಗುತ್ತದೆ.

ಬಳಗದ ಸಂಪಾದಕ

ಇಷ್ಟು ಉತ್ತರಗಳನ್ನು ನಿರೀಕ್ಷಿಸಿರಲಿಲ್ಲ. ನೀವೆಲ್ಲ ಕೊಟ್ಟ ಪದಗಳನ್ನು ಒಂದೇ ಪುಟದಲ್ಲಿ ಬರೆದು ಆರು ಫಾಂಟ್‌ಗಳಲ್ಲಿ ಹಾಕಿದೆ. ಎರಡು ‘ತಪ್ಪು’ವಿನಲ್ಲೇ ಹೊರಹೋದವು. ಉಳಿದ ನಾಲ್ಕನ್ನು 14 ಪಾಯಿಂಟ್‌ನಲ್ಲಿ ಇಟ್ಟು ಒಂದು ಅಧ್ಯಾಯವನ್ನು ಹರಿಯಬಿಟ್ಟರೆ ಒಂದರಲ್ಲಿ 14 ಪುಟ, ಇನ್ನೊಂದರಲ್ಲಿ 17 ಪುಟ ಆಗುತ್ತದೆ. ಮೂರನೆಯದರಲ್ಲಿ ಅಕ್ಷರಗಳು ಪಕ್ಕದ ಇಂಗ್ಲಿಷ್‌ಗಿಂತ ತೀರ ಸಣ್ಣದಾಗಿ ಕಾಣುತ್ತಿವೆ. ಪಾಯಿಂಟ್ ಒಂದೇ ಇರುವಾಗ ಇಷ್ಟು ವ್ಯತ್ಯಾಸ ಏಕೆ? ಪುಟ ಕಡಿಮೆಯಾಗುವ ಫಾಂಟೇ ಒಳ್ಳೆಯದೆಂದು ತಿಳಿಯಬಹುದೇ?

ಪುಟವಿನ್ಯಾಸಕಿ

ಪಾಯಿಂಟ್ ಎಂಬುದು ಅಕ್ಷರದ ಎತ್ತರವಲ್ಲ, ಅಕ್ಷರವನ್ನು ಕೂರಿಸಿದ ಕಾಲ್ಪನಿಕ ಚೌಕದ ಎತ್ತರ. ಸೀಸದ ಮೊಳೆಯ ಕಾಲದಲ್ಲಿ ಆ ಚೌಕ ನಿಜವಾಗಿಯೂ ಲೋಹದಲ್ಲಿತ್ತು. ಈಗ ಅದು ಲೆಕ್ಕದಲ್ಲಿ ಮಾತ್ರ ಇದೆ. ಒಂದು ಪಾಯಿಂಟ್ ಎಂದರೆ ಅಂಗುಲದ 72ನೆಯ ಒಂದು ಭಾಗ, ಸುಮಾರು 0.35 ಮಿಲಿಮೀಟರ್. ‘ರಾಷ್ಟ್ರ’ದ ಎರಡು ಒತ್ತುಗಳೂ ಚೌಕದೊಳಗೇ ಇರಬೇಕೆಂದು ಹಟ ಹಿಡಿದ ವಿನ್ಯಾಸಕರು ಮೂಲ ಅಕ್ಷರವನ್ನು ಕುಗ್ಗಿಸುತ್ತಾರೆ; ಒತ್ತು ಹೊರಗೆ ಚಾಚಿದರೂ ಚಿಂತೆಯಿಲ್ಲ ಎಂದವರು ಹಿಗ್ಗಿಸುತ್ತಾರೆ. ಆದ್ದರಿಂದ ಎರಡು ಫಾಂಟ್‌ಗಳನ್ನು ಹೋಲಿಸುವ ಮೊದಲು ಎರಡರಲ್ಲೂ ‘ತ’ ಅಕ್ಷರವನ್ನು ಅಚ್ಚು ಹಾಕಿ, ಅಳತೆಪಟ್ಟಿ ಇಟ್ಟು, ಒಂದೇ ಎತ್ತರ ಬರುವಂತೆ ಪಾಯಿಂಟ್ ಬದಲಿಸಿಕೊಳ್ಳಿ. ಆಮೇಲೆ ಪುಟ ಎಣಿಸಿ. ನಿಮ್ಮ 14 ಮತ್ತು 17ರ ನಡುವಿನ ವ್ಯತ್ಯಾಸ ಹೆಚ್ಚುಪಾಲು ಅಲ್ಲೇ ಕರಗುತ್ತದೆ. ಆದರೂ ಉಳಿದರೆ ಅದು ಅಗಲದ ವ್ಯತ್ಯಾಸ, ಮತ್ತು ಕನ್ನಡದ ಉದ್ದ ಪದಗಳಿಗೆ ತೀರ ಅಗಲದ ಫಾಂಟ್ ಹಾಕಿ ಎರಡೂ ಅಂಚು ಸಮ ಮಾಡಿದರೆ ಸಾಲಿನಲ್ಲಿ ಪದಗಳ ನಡುವೆ ಖಾಲಿ ಕಾಲುವೆಗಳು ತೆರೆದುಕೊಳ್ಳುತ್ತವೆ.

ಸಾಲುಗಳ ನಡುವಿನ ಅಂತರವನ್ನು ತಂತ್ರಾಂಶದ ಇಚ್ಛೆಗೆ ಬಿಡಬೇಡಿ. ಮೇಲೆ ಎಷ್ಟು, ಕೆಳಗೆ ಎಷ್ಟು ಜಾಗ ಬೇಕೆಂಬ ಅಳತೆಯನ್ನು ಫಾಂಟ್ ತನ್ನೊಳಗೆ ಒಂದಲ್ಲ, ಮೂರು ಕಡೆ ಬರೆದಿಟ್ಟುಕೊಂಡಿರುತ್ತದೆ. ಮೂರೂ ಒಂದಕ್ಕೊಂದು ಹೊಂದದಿದ್ದರೆ ವಿಂಡೋಸ್‌ನಲ್ಲಿ ಕಟ್ಟಿದ ಪುಟ ಮ್ಯಾಕ್‌ನಲ್ಲಿ ತೆರೆದಾಗ ಸಾಲುಗಳು ಜರುಗುತ್ತವೆ; ಕೆಲವು ತಂತ್ರಾಂಶಗಳಲ್ಲಿ ಒತ್ತಿನ ಬುಡವೇ ಕತ್ತರಿಸಿಹೋಗುತ್ತದೆ. ಮೊಬೈಲ್ ಆ್ಯಪ್‌ಗಳ ಗುಂಡಿಗಳಲ್ಲಿ ‘ಶಾಸ್ತ್ರ’ದ ಕಾಲು ಕತ್ತರಿಸಿರುವುದನ್ನು ನೀವೂ ನೋಡಿರುತ್ತೀರಿ. ಪುಸ್ತಕದಲ್ಲಿ ಅಂತರವನ್ನು ನೀವೇ ಅಂಕಿಯಲ್ಲಿ ನಿಗದಿಪಡಿಸಿ, ಎರಡು ಒತ್ತಿನ ಪದದ ಕೆಳಗೆ ‘ಕೀ’, ‘ರ್ಥಿ’ಯಂಥವು ಬರುವಂತೆ ಬರೆದು ಪರೀಕ್ಷಿಸಿ. ಹೋದ ಸಲದ ಗುಡಿಸಿನ ತೊಂದರೆ ಹೀಗೆ ತಪ್ಪುತ್ತದೆ.

ಅಚ್ಚುಮನೆಯವ

ಪರದೆಯಲ್ಲಿ ನೋಡಿ ತೀರ್ಮಾನಿಸಬೇಡಿ. ಲೇಸರ್ ಮುದ್ರಕದಲ್ಲಿ ನೋಡಿಯೂ ಪೂರ್ತಿ ತೀರ್ಮಾನಿಸಬೇಡಿ. ಆಫ್‌ಸೆಟ್‌ನಲ್ಲಿ, ಅದರಲ್ಲೂ ಶಾಯಿ ಹೀರುವ ಒರಟು ಕಾಗದದಲ್ಲಿ, ದಪ್ಪ ಗೆರೆ ಇನ್ನಷ್ಟು ದಪ್ಪವಾಗುತ್ತದೆ, ಅತಿ ಸಣ್ಣ ಚುಕ್ಕಿ ಹಿಡಿಯುವುದಿಲ್ಲ. ದಪ್ಪ ಮತ್ತು ತೆಳು ಗೆರೆಗಳ ನಡುವೆ ಬಹಳ ವ್ಯತ್ಯಾಸವಿರುವ ಫಾಂಟ್ ಭಿತ್ತಿಪತ್ರಕ್ಕೆ ಸೊಗಸು, 240 ಪುಟದ ಪುಸ್ತಕಕ್ಕೆ ಅಪಾಯ. ನಿಮ್ಮ ಕಾಗದದಲ್ಲೇ ನಾಲ್ಕು ಪುಟ ಪ್ರಾಯೋಗಿಕವಾಗಿ ಹಾಕಿಸಿಕೊಳ್ಳಿ. ನಾಲ್ಕು ಪುಟದ ಖರ್ಚು ಸಾವಿರ ಪ್ರತಿಯ ಖರ್ಚಿಗಿಂತ ಕಡಿಮೆ.

ಮುಕ್ತ ತಂತ್ರಾಂಶದ ಗೆಳೆಯ

ಹೆಸರುಗಳನ್ನು ಯಾರೂ ಹೇಳದಿರುವುದರಿಂದ ನಾನು ಹೇಳುತ್ತೇನೆ. ಎಲ್ಲವೂ ಮುಕ್ತ ಪರವಾನಗಿಯವು. ನೋಟೊ ಸೆರಿಫ್ ಕನ್ನಡ ಮತ್ತು ನೋಟೊ ಸಾನ್ಸ್ ಕನ್ನಡ ಎರಡರಲ್ಲೂ ತೆಳುವಿನಿಂದ ಅತಿ ದಪ್ಪದವರೆಗೆ ಹಲವು ತೂಕಗಳಿವೆ. ಟಿರೊ ಕನ್ನಡ ಮೂಲತಃ ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಹೊರತರುವ ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪುಸ್ತಕಗಳಿಗಾಗಿ ಸಿದ್ಧವಾದದ್ದು. ಅಂದರೆ ಪುಸ್ತಕದ ಪುಟವನ್ನೇ ಕಣ್ಣ ಮುಂದಿಟ್ಟುಕೊಂಡು ಬಿಡಿಸಿದ ಅಕ್ಷರ. ಆದರೆ ಅದರಲ್ಲಿ ಸಾಮಾನ್ಯ ಮತ್ತು ಓರೆ ರೂಪಗಳು ಮಾತ್ರ ಇವೆ, ದಪ್ಪ ರೂಪವಿಲ್ಲ. ಅನೇಕ್ ಕನ್ನಡ ಒಂಬತ್ತು ಭಾರತೀಯ ಲಿಪಿಗಳ ಮತ್ತು ಲ್ಯಾಟಿನ್‌ನ ಒಂದೇ ಕುಟುಂಬದ ಭಾಗ. ತೂಕದ ಜೊತೆ ಅಗಲವನ್ನೂ ಹೆಚ್ಚುಕಡಿಮೆ ಮಾಡಬಹುದಾದ್ದರಿಂದ ಶೀರ್ಷಿಕೆಗೆ, ಕೋಷ್ಟಕಕ್ಕೆ ಅನುಕೂಲ. ಗುಬ್ಬಿ, ಲೋಹಿತ್ ಲಿನಕ್ಸ್ ಬಳಸುವವರಿಗೆ ಹಳೆಯ ಪರಿಚಯ. ಬಾಲೂ ತಮ್ಮ, ಅಕಾಯ ಕನಡಕ ಶೀರ್ಷಿಕೆಗೆ ಚೆಂದ, ಒಳಪುಟಕ್ಕೆ ಹಾಕಿದರೆ ಹತ್ತನೆಯ ಪುಟಕ್ಕೆ ಸಾಕೆನಿಸುತ್ತದೆ. ಇವುಗಳಲ್ಲಿ ಯಾವುದನ್ನೂ ನನ್ನ ಮಾತು ನಂಬಿ ಆರಿಸಬೇಡಿ. ಮೇಲಿನ ಪದಗಳನ್ನು ಹಾಕಿಯೇ ಆರಿಸಿ.

ಇನ್ನೊಂದು ಪರೀಕ್ಷೆಯನ್ನು ಯಾರೂ ಹೇಳಲಿಲ್ಲ. ಪುಟವನ್ನು ಪಿಡಿಎಫ್ ಮಾಡಿ, ಅದರಿಂದ ‘ಕರ್ನಾಟಕ’ ಎಂಬ ಪದವನ್ನು ನಕಲಿಸಿ ಬೇರೆಡೆ ಅಂಟಿಸಿ. ಪಿಡಿಎಫ್‌ನೊಳಗೆ ಇರುವುದು ಅಕ್ಷರಗಳ ಆಕಾರಗಳು. ಆ ಆಕಾರಗಳಿಂದ ಮೂಲ ಅಕ್ಷರಕ್ಕೆ ಹಿಂದಿರುಗುವ ದಾರಿ ಸರಿಯಾಗಿ ಬರೆದಿರದಿದ್ದರೆ ಅರ್ಕಾವತ್ತು ಎಲ್ಲೋ, ರಕಾರ ಎಲ್ಲೋ ಆಗಿ ಬರುತ್ತದೆ. ಇದರಲ್ಲಿ ಫಾಂಟ್‌ನ ಪಾಲೂ ಇದೆ, ಪಿಡಿಎಫ್ ಮಾಡಿದ ತಂತ್ರಾಂಶದ ಪಾಲೂ ಇದೆ. ಮುಂದೆ ಯಾರಾದರೂ ನಿಮ್ಮ ಪುಸ್ತಕದಲ್ಲಿ ಒಂದು ಪದ ಹುಡುಕಬೇಕೆಂದರೆ ಇದು ಮುಖ್ಯವಾಗುತ್ತದೆ.

ನಾಮಫಲಕ ಬರೆಯುವವ

ಅಕಾಯ ಕನಡಕದ ಬಗ್ಗೆ ಹಗುರವಾಗಿ ಮಾತಾಡಬೇಡಿ. ಕೈಬರಹದ ಲಯವನ್ನು ಹಿಡಿದ ಅಕ್ಷರಗಳು ನಮ್ಮಲ್ಲಿ ಎಷ್ಟಿವೆ? ಒಳಪುಟಕ್ಕೆ ಬೇಡ ಎಂಬುದನ್ನು ಮಾತ್ರ ಒಪ್ಪುತ್ತೇನೆ.

ಬಳಗದ ಸಂಪಾದಕ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ‘ತ’ಕಾರದ ಎತ್ತರ ಸಮ ಮಾಡಿಕೊಂಡು, ನಾಲ್ಕು ಫಾಂಟ್‌ಗಳಲ್ಲಿ ಒಂದೊಂದು ಪುಟವನ್ನು ನಮ್ಮದೇ ಕಾಗದದ ಮೇಲೆ ಅಚ್ಚು ಹಾಕಿಸಿದೆವು. ಯಾವುದು ಯಾವ ಫಾಂಟ್ ಎಂದು ಹೇಳದೆ ಬಳಗದ ಹಿರಿಯರ ಕೈಗೆ ಕೊಟ್ಟೆವು, ಕಣ್ಣು ನೋಯುತ್ತದೆ ಎಂದವರೂ ಅವರಲ್ಲಿದ್ದರು. ಅವರು ಒಂದು ಪುಟವನ್ನು ಓದುತ್ತಾ ಹೋಗಿ, ಫಾಂಟ್‌ನ ಮಾತು ಮರೆತು, ಲೇಖಕರ ವಾದದಲ್ಲಿ ಒಂದು ತಪ್ಪು ಹಿಡಿದರು. ಆ ಪುಟ ಟಿರೊ ಕನ್ನಡದ್ದಾಗಿತ್ತು. ಪರದೆಯ ಮೇಲೆ ನನಗೆ ಅತ್ಯಂತ ಚೆಂದವೆನಿಸಿದ್ದ ಇನ್ನೊಂದು ಫಾಂಟ್‌ನಲ್ಲಿ ‘ಕಥೆ’ಯ ಚುಕ್ಕಿ ಮತ್ತೆ ಕಾಣೆಯಾಗಿತ್ತು. ಅಧ್ಯಾಯದ ಹೆಸರುಗಳಿಗೆ ಅನೇಕ್ ಕನ್ನಡವನ್ನು ಇಟ್ಟುಕೊಂಡಿದ್ದೇವೆ.

ಪುಟವಿನ್ಯಾಸಕಿ

ಒಂದು ಎಚ್ಚರಿಕೆ. ದಪ್ಪ ರೂಪವಿಲ್ಲದ ಫಾಂಟ್‌ಗೆ ಲೇಖಕರು ತಮ್ಮ ಕಡತದಲ್ಲಿ ‘ಬೋಲ್ಡ್’ ಒತ್ತಿಟ್ಟಿದ್ದರೆ ಎಷ್ಟೋ ತಂತ್ರಾಂಶಗಳು ಸುಮ್ಮನಿರುವುದಿಲ್ಲ. ಇರುವ ಅಕ್ಷರದ ಗೆರೆಗಳನ್ನೇ ಸುತ್ತಲೂ ಉಬ್ಬಿಸಿ ಹುಸಿ ದಪ್ಪ ಮಾಡುತ್ತವೆ. ಠ, ಥಗಳ ಹೊಟ್ಟೆ ತುಂಬಿಕೊಳ್ಳುವುದು ಆಗಲೇ. ಕರಡಿನಲ್ಲಿ ಹುಡುಕಿ ತೆಗೆಯಿರಿ.

ಬಳಗದ ಸಂಪಾದಕ

ಹುಡುಕಿದೆ. ಹನ್ನೊಂದು ಕಡೆ ಸಿಕ್ಕಿತು, ಅದರಲ್ಲಿ ಒಂದು ‘ಪಾಠಾಂತರ’ ಎಂಬ ಪದದ ಮೇಲೆಯೇ ಇತ್ತು. ಎಲ್ಲವನ್ನೂ ತೆಗೆದಿದ್ದೇನೆ. ಸೋಮವಾರ ಅಚ್ಚಿಗೆ ಹೋಗುತ್ತದೆ.